ಬೀಸುವ ಕಲ್ಲಿನ ಶ್ರುತಿಗೆ ಲತೀನು ಹಾಡಿದವರು

ಕಿರಂಗೂರಿನ ನಮ್ಮ ಗುಡಿಯಲ್ಲಿ ಭಾನುವಾರದ ಪೂಜೆಗೆ ಹಾಡು ನಡೆಸುವ ಕೆಲಸವನ್ನು ನಾನು ಬಿಟ್ಟು ಎರಡು ವರ್ಷವಾಯಿತು. ಈಗ ಆ ಕೆಲಸಕ್ಕೆ ನಿಂತಿರುವವರು, ಮುಂದೆ ನಿಲ್ಲಬೇಕೆಂದಿರುವವರು ಆಗಾಗ ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಅವರು ಕೇಳುವುದೆಲ್ಲ ಗಂಟಲಿನ ವಿಷಯ. ಹುಣಸೆ ತಿನ್ನಬಹುದೇ, ಮಜ್ಜಿಗೆ ಕುಡಿಯಬಹುದೇ, ಮೆಣಸು ಜಗಿದರೆ ದನಿ ಏರುತ್ತದೆಯೇ ಎಂದು. ನಾನು ಜೀವಮಾನವೆಲ್ಲ ಹುಣಸೆ ಹಿಂಡಿದ ಸಾರಿನಲ್ಲಿ ಮುದ್ದೆ ಮುಳುಗಿಸಿ ಉಂಡವನು. ನನ್ನ ದನಿಗೆ ಏನೂ ಆಗಲಿಲ್ಲ. ಕಿವಿಯ ವಿಷಯವನ್ನು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹನ್ನೆರಡು ಮನೆಯ ಕೇರಿ. ಆಗ ಅರಮನೆಯಿದ್ದ ಪಟ್ಟಣದ ಕೋಟೆಯಿಂದ ಹೊಳೆ ದಾಟಿ ಬಂದರೆ ಬೆಂಗಳೂರು ದಾರಿಯ ಪಕ್ಕದಲ್ಲೇ ಇದೆ. ನನ್ನ ಮುತ್ತಜ್ಜನ ಕಾಲದಲ್ಲೇ ಕ್ರಿಸ್ತನ ಮತಕ್ಕೆ ಸೇರಿದವರು ನಾವು. ಉಳುವುದು, ಬಿತ್ತುವುದು, ಮಾತು, ಊಟ ಎಲ್ಲ ಊರಿನವರ ಹಾಗೆಯೇ. ಪೂಜೆಯಲ್ಲಿ ಹಾಡುವ ಹಾಡು ಮಾತ್ರ ಪಾದ್ರಿಗಳು ಹೊರದೇಶದಿಂದ ತಂದ ಲತೀನು ಭಾಷೆಯದು. ಅರ್ಥ ಪಾದ್ರಿಗಳಿಗೆ ಗೊತ್ತು, ರಾಗ ನಮಗೆ ಗೊತ್ತು ಎಂಬಂತೆ ಎರಡು ತಲೆಮಾರು ನಡೆದುಬಂದಿತ್ತು. ಆ ಹಾಡಿಗೆ ಮೃದಂಗವಿಲ್ಲ, ತಾಳವಿಲ್ಲ. ಹತ್ತು ಹದಿನೈದು ಜನ ಒಂದೇ ದನಿಯಾಗಿ ನಿಧಾನವಾಗಿ ಏರಿ ಇಳಿಯಬೇಕು. ಮೊದಲ ಸಲ ಕೇಳಿದವರಿಗೆ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಹತ್ತನೆಯ ಸಲ ಕೇಳಿದಾಗ ಅದರೊಳಗೆ ಎಷ್ಟೊಂದು ನಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ನನಗೆ ಕಲಿಸಿದವರು ಚಿನ್ನಪ್ಪ ಮೇಸ್ತ್ರಿ. ಕುಳ್ಳ ಮನುಷ್ಯ, ದೊಡ್ಡ ಕಿವಿ. ಪಾದ್ರಿಗಳ ಬಳಿಯಿದ್ದ ಹಾಡಿನ ಪುಸ್ತಕವನ್ನು ಅಲ್ಪಸ್ವಲ್ಪ ಓದಬಲ್ಲವರು ನಮ್ಮ ಕೇರಿಯಲ್ಲಿ ಅವರೊಬ್ಬರೇ. ಕೈಯಗಲದ ಹಾಳೆ, ನಾಲ್ಕು ಗೆರೆ, ಗೆರೆಯ ಮೇಲೆ ಹುರುಳಿಕಾಳಿನಂಥ ಕಪ್ಪು ಚುಕ್ಕೆಗಳು. ಆದರೆ ಅವರು ನಮಗೆ ಕಲಿಸಿದ್ದು ಪುಸ್ತಕ ಹಿಡಿದಲ್ಲ, ಭತ್ತದ ಕೊಯ್ಲಿನಲ್ಲಿ. ಹದಿನೈದು ಜನ ಸಾಲಾಗಿ ಬಗ್ಗಿ ಕೊಯ್ಯುವಾಗ ಪಕ್ಕದವನ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಅವರಿಗೆ ಬೇಕಾಗಿದ್ದುದು ಅದೇ. ತಾವು ಬದುವಿನ ಮೇಲೆ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ದಿನ ನಾನು ಹುರುಪಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದೆ. ಅವರು ಬದುವಿನಿಂದ ಇಳಿದು ಕೂಳೆಯ ಮೇಲೆ ನಡೆದು ಬಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತರು.

"ರಾಯಪ್ಪ, ನಿನ್ ಬಲಗಡೆ ಯಾರವ್ರೆ?"

"ದೊಡ್ಡಪ್ಪನ ಮಗ ಮೇಸ್ತ್ರೇ."

"ಅವನು ಈಗ ಯಾವ ದನೀಲಿ ಹಾಡ್ತಾವ್ನೆ?"

ನನಗೆ ಗೊತ್ತಿರಲಿಲ್ಲ. ನನ್ನ ದನಿಯ ಹೊರತು ನನಗೆ ಬೇರೇನೂ ಕೇಳಿಸಿರಲಿಲ್ಲ.

"ಅವನು ಹಾಡೋದೇ ನಿಲ್ಸಿ ಆಗ್ಲೇ ಎಷ್ಟೊತ್ತಾಯ್ತು ಕಣ್ಲಾ. ಪಕ್ಕದೋನ್ ದನಿ ನಿಂಗೆ ಕೇಳ್ಸೋ ಅಷ್ಟು ಮಾತ್ರ ಬಾಯಿ ಬುಡು. ಅದಕ್ಕಿಂತ ಜಾಸ್ತಿ ಬುಟ್ರೆ ಅದು ಹಾಡಲ್ಲ, ಕೂಗಾಟ."

ಇನ್ನೊಂದು ಪಾಠ ಉಸಿರಿನದು. ನಮ್ಮ ಹಾಡಿನ ಸಾಲುಗಳು ಉದ್ದ. ಒಬ್ಬನ ಉಸಿರಿಗೆ ನಿಲುಕುವುದಿಲ್ಲ. ಪಕ್ಕದವನು ಉಸಿರು ತೆಗೆದುಕೊಳ್ಳುವಾಗ ನಾನು ತೆಗೆದುಕೊಳ್ಳಬಾರದು, ಅವನು ಮತ್ತೆ ಸೇರಿದ ಮೇಲೆ ನಾನು ಸದ್ದಿಲ್ಲದೆ ಬಿಟ್ಟು ಸದ್ದಿಲ್ಲದೆ ಸೇರಬೇಕು. ಹಾಗಾದರೆ ಹಾಡಿಗೆ ಉಸಿರೇ ಬೇಡವೇನೋ ಎಂಬಂತೆ ಸಾಗುತ್ತದೆ. ಎಲ್ಲರೂ ಒಟ್ಟಿಗೆ ಉಸಿರೆಳೆದು ಹಾಡು ಒಂದು ಕ್ಷಣ ಕಡಿದುಹೋದರೆ ಮೇಸ್ತ್ರಿ ತಲೆಯ ಮೇಲಿನ ಪಾಗು ತೆಗೆದು ನೆಲಕ್ಕೆ ಒಗೆಯುತ್ತಿದ್ದರು.

ಆಮೇಲೆ ಆ ವರ್ಷ ಬಂತು. ಅರಮನೆಯ ಅಪ್ಪಣೆಯಾಗಿ ರಾಜ್ಯದಲ್ಲಿದ್ದ ಪಾದ್ರಿಗಳೆಲ್ಲ ಹೊರಟುಹೋಗಬೇಕಾಯಿತು. ನಮ್ಮ ಪಾದ್ರಿಗಳೂ ಒಂದು ಎತ್ತಿನ ಗಾಡಿಯಲ್ಲಿ ಹೊರಟರು. ಹೋಗುವ ಮುಂಚೆ ಹಾಡಿನ ಪುಸ್ತಕವನ್ನು ಚಿನ್ನಪ್ಪ ಮೇಸ್ತ್ರಿಯ ಕೈಗೆ ಕೊಟ್ಟು, "ನಾನು ಬರುತ್ತೇನೆ, ಇಲ್ಲವೇ ಬೇರೊಬ್ಬರು ಬರುತ್ತಾರೆ. ಅಲ್ಲಿಯವರೆಗೆ ಹಾಡು ನಿಲ್ಲದಿರಲಿ" ಎಂದರು. ಗುಡಿಗೆ ಬೀಗ ಬಿತ್ತು. ಪುಸ್ತಕವನ್ನು ಎಲ್ಲಾದರೂ ಜೋಪಾನವಾಗಿ ಇಡುವ ಕೆಲಸವನ್ನು ಮೇಸ್ತ್ರಿ ನನಗೆ ವಹಿಸಿದರು. ಗುಂಪಿನಲ್ಲಿ ನಾನೇ ಚುರುಕು ಎಂದು ಅವರ ಎಣಿಕೆ.

ನನ್ನ ಕೆಲಸದ ಬದುಕಿನ ದೊಡ್ಡ ತಪ್ಪು ಇಲ್ಲಿದೆ. ಇದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಊರಿನ ಬೀರೇಗೌಡರಿಗೆ ಮನೆಯ ಹಿತ್ತಲಲ್ಲಿ ಹಗೇವು ಇತ್ತು. ನೆಲದೊಳಗೆ ಮಡಕೆಯ ಹಾಗೆ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮುಚ್ಚುತ್ತಾರಲ್ಲ, ಅದು. ಅಲ್ಲಿ ರಾಗಿ ಎಷ್ಟು ವರ್ಷವಾದರೂ ಹಾಳಾಗುವುದಿಲ್ಲ. ರಾಗಿ ಹಾಳಾಗದ ಜಾಗದಲ್ಲಿ ಪುಸ್ತಕ ಹೇಗೆ ಹಾಳಾಗುತ್ತದೆ ಎಂದು ನನ್ನ ತರ್ಕ. ಗೌಡರನ್ನು ಕೇಳಿದೆ. ಅವರು ಮೀಸೆ ತಿರುವಿ, "ಇಡ್ಲಾ, ಅದಕ್ಕೇನ್ ಊಟ ಹಾಕ್ಬೇಕಾ?" ಎಂದರು. ಪುಸ್ತಕವನ್ನು ತೊಗಲಿನಲ್ಲಿ ಸುತ್ತಿ ರಾಗಿಯ ನಡುವೆ ಹೂತೆ.

ಮೂರು ವರ್ಷದ ಮೇಲೆ ಗೌಡರು ಹಗೇವು ತೆಗೆಸಿದರು. ಹಿಂದಿನ ಮಳೆಗಾಲದಲ್ಲಿ ಒಂದು ಮಗ್ಗುಲಿಂದ ನೀರು ಇಳಿದಿತ್ತು. ಆ ಮಗ್ಗುಲಿನ ರಾಗಿ ಮುಗ್ಗಿ ಹೆಂಟೆಗಟ್ಟಿತ್ತು, ಪುಸ್ತಕವಿದ್ದುದೂ ಅದೇ ಮಗ್ಗುಲು. ತೊಗಲು ಬಿಚ್ಚಿದೆ. ಒಳಗಿದ್ದುದು ಪುಸ್ತಕವಲ್ಲ, ಹಪ್ಪಳದ ಹಿಟ್ಟಿನ ಉಂಡೆಯಂಥದ್ದು. ಒಂದು ಹಾಳೆ ಬಿಡಿಸಲು ಹೋದರೆ ಹತ್ತು ಹಾಳೆ ಚೂರಾದವು.

ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಸ್ತ್ರಿಯ ಮನೆಗೆ ಹೋದೆ. ಪಾಗು ನೆಲಕ್ಕೆ ಬೀಳುತ್ತದೆ, ಕೆನ್ನೆಗೂ ಬೀಳುತ್ತದೆ ಎಂದುಕೊಂಡಿದ್ದೆ. ಅವರು ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು.

"ಎಲ್ರನ್ನೂ ಕರಿ," ಎಂದರು.

"ಮೇಸ್ತ್ರೇ, ನನ್ನ ತಪ್ಪು..."

"ಅಳೋಕೆ ಆಮೇಲೆ ಪುರ್‍ಸೊತ್ತಾಯ್ತದೆ. ಯಾರ್‍ಯಾರ್ಗೆ ಎಷ್ಟೆಷ್ಟು ನೆಪ್ಪೈತೋ ಈಗ್ಲೇ ನೋಡ್ಬುಡವ. ನಾಳೆಗೆ ಇನ್ನಷ್ಟು ಮರ್‍ತಿರ್ತೀವಿ."

ಅವತ್ತು ಗೊತ್ತಾದದ್ದು ಇಷ್ಟು. ಯಾರಿಗೂ ಒಂದು ಹಾಡೂ ಪೂರ್ತಿಯಾಗಿ ಬರುತ್ತಿರಲಿಲ್ಲ. ಒಬ್ಬನಿಗೆ ಮೊದಲ ಸಾಲು, ಒಬ್ಬನಿಗೆ ನಡುವಿನ ಏರು, ಇನ್ನೊಬ್ಬನಿಗೆ ಕೊನೆಯ ಇಳಿತ. ಒಟ್ಟಿಗೆ ನಿಂತಾಗ ಬರುತ್ತಿದ್ದ ಹಾಡು ಒಂಟಿಯಾಗಿ ನಿಂತಾಗ ಬಾಯಿಂದ ಬರುತ್ತಿರಲಿಲ್ಲ. ನಾವು ಹಾಡುತ್ತಿದ್ದ ಹಾಡು ನಮ್ಮಲ್ಲಿ ಯಾರೊಬ್ಬರ ಬಳಿಯೂ ಇರಲಿಲ್ಲ, ಎಲ್ಲರ ನಡುವೆ ಇತ್ತು. ಪುಸ್ತಕ ಕಳೆದ ತಪ್ಪಿಗೆ ನನಗೆ ಸಿಕ್ಕಿದ ಬುದ್ಧಿ ಇದು. ಮೇಸ್ತ್ರಿ ಎರಡು ವಾರ ಕೂತು ನಮ್ಮ ನೆನಪಿನ ಚೂರುಗಳನ್ನು ಜೋಡಿಸಿದರು. ಏಳು ಹಾಡು ಉಳಿದವು.

ಆ ಚಳಿಗಾಲದಲ್ಲಿ ಮೇಸ್ತ್ರಿ ಕೆಮ್ಮಿನಲ್ಲಿ ತೀರಿಕೊಂಡರು. ಅವರ ಮಣ್ಣಿಗೆ ನಾವು ಹಾಡಿದೆವು. ಹಾಡಿನ ನಡುವೆ, ಎಲ್ಲಿ ಆಗಬಾರದೋ ಅಲ್ಲಿ, ಎಲ್ಲರೂ ಒಟ್ಟಿಗೆ ಉಸಿರೆಳೆದೆವು. ಹಾಡು ಕಡಿಯಿತು. ಬೈಯುವವರು ಕೆಳಗೆ ಮಲಗಿದ್ದರು. ಆ ಒಂದು ಕ್ಷಣ ಯಾರಿಗೂ ಮತ್ತೆ ಶುರು ಮಾಡಲು ಧೈರ್ಯ ಬರಲಿಲ್ಲ. ಆಗ ಹೆಂಗಸರ ಕಡೆಯಿಂದ ಒಂದು ದನಿ ಬಿಟ್ಟಲ್ಲಿಂದ ಎತ್ತಿಕೊಂಡಿತು.

ಅದು ಅನ್ನಮ್ಮಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ದಂಡಿಗೆ ಹೋಗಿ ಹಿಂದಿರುಗಿರಲಿಲ್ಲ. ಹೆಂಗಸರು ಹಾಡುವ ರೂಢಿ ನಮ್ಮಲ್ಲಿರಲಿಲ್ಲ. ಅವರು ಇಪ್ಪತ್ತು ವರ್ಷ ಗೋಡೆಯ ಪಕ್ಕ ಮಂಡಿಯೂರಿ ಕೇಳಿದ್ದರು, ಅಷ್ಟೆ. ಮಣ್ಣು ಮಾಡಿ ಬಂದ ಮೇಲೆ ಕೇಳಿದೆ.

"ಅನ್ನಮ್ಮಕ್ಕ, ನಿನಗೆ ಈ ಹಾಡು ಬರ್ತದಾ?"

"ಏಳೂ ಬತ್ತದೆ. ನೀವು ಮರ್‍ತಿರೋ ಇನ್ನ ನಾಕೂ ಬತ್ತದೆ."

"ಮತ್ತೆ ಅವತ್ತು ಮೇಸ್ತ್ರಿ ಎಲ್ರನ್ನೂ ಕರ್‍ದಾಗ ಹೇಳ್ಬಾರ್ದಾಗಿತ್ತಾ?"

"ಎಲ್ರನ್ನೂ ಅಂದ್ರೆ ಗಂಡಸ್ರನ್ನ ತಾನೆ ಕರ್‍ದಿದ್ದು?"

ಅಂದಿನಿಂದ ಹಾಡು ಅನ್ನಮ್ಮಕ್ಕನ ಮನೆಗೆ ಬಂತು, ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಆ ವರ್ಷಗಳಲ್ಲಿ ನಮ್ಮವರು ಸದ್ದಿಲ್ಲದೆ ಇರುವುದೇ ಮೇಲು ಎಂದು ಕೇರಿಯಲ್ಲಿ ಎಲ್ಲರ ತೀರ್ಮಾನ. ಭಾನುವಾರ ಮಧ್ಯಾಹ್ನ ಅವಳು ರಾಗಿ ಬೀಸಲು ಕೂರುತ್ತಿದ್ದಳು. ಕಲ್ಲಿನ ಗುರುಗುರು ಸದ್ದಿನ ಮರೆಯಲ್ಲಿ ನಾವು ಒಳಗೆ ಗೋಡೆಗೊರಗಿ ಕೂತು ಮೆಲ್ಲಗೆ ಹಾಡುತ್ತಿದ್ದೆವು. ಮೆಲ್ಲಗೆ ಎಂದರೆ ತುಟಿ ಅಲ್ಲಾಡುವಷ್ಟು. ಇದರಿಂದ ಒಂದು ಲಾಭವಾಯಿತು. ಮೇಸ್ತ್ರಿ ಹತ್ತು ವರ್ಷ ಬಡಿದುಕೊಂಡರೂ ಬಾರದಿದ್ದ ಬುದ್ಧಿ ತಾನಾಗಿ ಬಂತು, ಪಕ್ಕದವರ ದನಿ ಕೇಳಿಸತೊಡಗಿತು. ಕಲ್ಲಿಗೂ ಒಂದು ದನಿ ಇದೆಯೆಂದು ಆಗಲೇ ತಿಳಿದದ್ದು. ಒಂದೇ ಹದದಲ್ಲಿ ಬೀಸಿದರೆ ಅದು ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ. ಹಿಡಿ ರಾಗಿ ಹೆಚ್ಚು ಹಾಕಿದರೆ ತಗ್ಗುತ್ತದೆ. ನಾವು ತಗ್ಗಿದ್ದು ಅನ್ನಮ್ಮಕ್ಕನಿಗೆ ಗೊತ್ತಾದರೆ ಮಾತಾಡದೆ ಕಲ್ಲನ್ನು ಚುರುಕಾಗಿ ತಿರುಗಿಸುತ್ತಿದ್ದಳು.

ಬರೆದ ಪುಸ್ತಕವಿಲ್ಲದ ಮೇಲೆ ಪದಗಳು ಸವೆಯತೊಡಗಿದವು. ಕರುಣೆ ತೋರು ಎಂದು ಬೇಡುವ ಕಡೆ ಲತೀನಿನಲ್ಲಿ 'ಮಿಸೆರೆರೆ' ಎಂದಿದೆ. ನಮ್ಮ ಬಾಯಲ್ಲಿ ಅದು ಎರಡು ವರ್ಷಕ್ಕೆ 'ಮೀಸೆ ಎರೆ' ಆಯಿತು. ದೇವರನ್ನು ಮೀಸೆಗೆ ಎಣ್ಣೆ ಎರೆ ಎಂದು ಏಕೆ ಕೇಳುತ್ತೇವೆ ಎಂದು ಯಾರೂ ಯೋಚಿಸಲಿಲ್ಲ. ಎಳೆಯರು ಭಕ್ತಿಯಿಂದಲೇ ಕಲಿತರು.

ಇನ್ನೊಂದು ಎಡವಟ್ಟು ಚಿನಕುರಳಿಯಲ್ಲಿ ಆಯಿತು. ಅಲ್ಲಿನ ನಮ್ಮ ನಂಟರ ಮದುವೆಗೆ ಹಾಡಲು ಹೋಗಿದ್ದೆವು. ಮಂಗಳದ ಹಾಡು ಎಂದುಕೊಂಡು ನಾನು ಎತ್ತಿದ್ದು ಸತ್ತವರ ಹಾಡು. ಮೊದಲ ಏರು ಎರಡಕ್ಕೂ ಒಂದೇ. ಎರಡನೆಯ ಸಾಲಿಗೆ ಬಂದಾಗ ನನಗೆ ತಪ್ಪು ಗೊತ್ತಾಯಿತು. ನಿಲ್ಲಿಸಿದರೆ ಅಪಶಕುನ, ಮುಂದುವರಿಸಿದರೆ ಇನ್ನೂ ಅಪಶಕುನ. ಅನ್ನಮ್ಮಕ್ಕ ನನ್ನತ್ತ ನೋಡಲೂ ಇಲ್ಲ. ಮೊಣಕಾಲಿನ ಮೇಲೆ ತಾಳ ಹಾಕುತ್ತಾ ಅದೇ ರಾಗವನ್ನು ಎರಡರಷ್ಟು ವೇಗಕ್ಕೆ ಏರಿಸಿಬಿಟ್ಟಳು. ಗುಂಪು ಅವಳ ಹಿಂದೆ ಓಡಿತು. ಹೆಣ್ಣಿನ ತಂದೆ ಆಮೇಲೆ ನನ್ನ ಕೈ ಹಿಡಿದು, "ಇಂಥಾ ಕುಣ್ಯೋ ಅಂಥ ಹಾಡು ನಿಮ್ಮಲ್ಲಿ ಐತೆ ಅಂತ ಗೊತ್ತೇ ಇರ್‍ಲಿಲ್ಲ ಕಣಪ್ಪ" ಎಂದರು. ಆ ಗಂಡ ಹೆಂಡತಿ ಇಂದಿಗೂ ಚೆನ್ನಾಗಿದ್ದಾರೆ. ಏಳು ಮಕ್ಕಳು.

ಬೀರೇಗೌಡರ ಗದ್ದೆಗೆ ಹೋಗುವ ದಾರಿ ಅನ್ನಮ್ಮಕ್ಕನ ಮನೆಯ ಹಿಂದೆಯೇ ಇತ್ತು. ಭಾನುವಾರ ಮಧ್ಯಾಹ್ನ ಅವರಿಗೆ ಅಲ್ಲಿಯ ಬೇವಿನ ಮರದಡಿಯಲ್ಲೇ ದಣಿವಾಗುತ್ತಿತ್ತು. ನಾವು ಒಳಗೆ ಏನು ಮಾಡುತ್ತೇವೆಂದು ಅವರಿಗೆ ಗೊತ್ತು. ಯಾರಿಗೂ ಹೇಳಲಿಲ್ಲ. ಒಮ್ಮೆ ಹೊರಬಂದ ನನ್ನನ್ನು ನಿಲ್ಲಿಸಿದರು.

"ಏನ್ ಹಾಡ್ತೀರೋ ರಾಯಪ್ಪ, ಒಂದಕ್ಷರ ನಂಗರ್ಥ ಆಗಾಕಿಲ್ಲ."

"ನಮ್ಗೂ ಅಷ್ಟೇ ಗೌಡ್ರೆ."

"ಆದ್ರೆ ನೀವು ನಿಲ್ಲುಸ್ದಾಗ ಗೊತ್ತಾಯ್ತದೆ, ಏನೋ ನಿಂತೋಯ್ತು ಅಂತ."

ಹಾಡು ಕೇಳುವುದೆಂದರೇನು ಎಂದು ಯಾರಾದರೂ ಕೇಳಿದರೆ ನಾನು ಗೌಡರ ಈ ಮಾತನ್ನೇ ಹೇಳುತ್ತೇನೆ.

ಪಟ್ಟಣಕ್ಕೆ ಮೊದಲ ಮುತ್ತಿಗೆ ಬಿದ್ದು ಮುಗಿದ ಮರುವರ್ಷ ಎತ್ತಣ್ಣ ಬಂದ. ಹೆಸರು ಎತಿಯೆನ್. ಫರಾಸಿ, ಎಂದರೆ ಫ್ರೆಂಚ್ ದೇಶದವನು. ನಮ್ಮಿಂದ ಒಂದು ಹರಿದಾರಿ ದೂರದ ಹಿರೋಡೆಯ ಬಂಡೆಗಳ ಬಳಿ ಅರಮನೆಯ ಚಾಕರಿಯಲ್ಲಿದ್ದ ಫರಾಸಿ ದಂಡು ಬಿಡಾರ ಹೂಡಿತ್ತಲ್ಲ, ಅದರಲ್ಲಿ ಕಮ್ಮಾರ. ತುಪಾಕಿ ರಿಪೇರಿ ಮಾಡುವವನು. ಕೆಂಪು ಮುಖ, ಭಾರೀ ಮೀಸೆ. ಇದ್ದಿಲು ತರಲು ನಮ್ಮ ಊರಿನ ಮೇಲೆ ಓಡಾಡುತ್ತಿದ್ದ.

ಒಂದು ಭಾನುವಾರ ನಾವು ಹಾಡುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು. ಸಮವಸ್ತ್ರದ ಅಂಗಿ ಕಂಡು ಎಲ್ಲರೂ ಹಾಡು ನಿಲ್ಲಿಸಿದೆವು. ಅನ್ನಮ್ಮಕ್ಕ ಒಬ್ಬಳು ಬೀಸುತ್ತಲೇ ಇದ್ದಳು. ಆತ ಹಣೆಗೆ, ಎದೆಗೆ, ಹೆಗಲಿಗೆ ಕೈ ಮುಟ್ಟಿಸಿ ಶಿಲುಬೆ ಗುರುತು ಹಾಕಿಕೊಂಡು ಹೊಸ್ತಿಲ ಮೇಲೆ ಕೂತ.

"ನಿಲ್ಸ್ ಬೇಡ. ಹಾಡು," ಎಂದ.

ನಾನು ಹೆದರಿಕೆಯಲ್ಲೇ ಎತ್ತಿದೆ. ಗುಂಪು ಸೇರಿತು. ಆತನೂ ಸೇರಿದ. ಆದರೆ ನಮ್ಮ ಜೊತೆಗಲ್ಲ. ನಾವು ಒಂದು ಕಡೆ ಹೋದರೆ ಆತ ಅದಕ್ಕಿಂತ ಕೆಳಗೆ ಇನ್ನೊಂದು ಕಡೆ ಹೋಗುತ್ತಿದ್ದ. ನಾವು ಇಳಿದರೆ ಆತ ಏರುತ್ತಿದ್ದ. ನನಗೆ ಸಹಿಸಲಾಗಲಿಲ್ಲ. ಹಾಡು ನಡೆಸುವವನು ನಾನು, ತಪ್ಪು ತಿದ್ದಬೇಕಾದವನೂ ನಾನೇ. ಕೈಯೆತ್ತಿ ನಿಲ್ಲಿಸಿದೆ.

"ಅಯ್ಯಾ, ನಿಂದು ಶ್ರುತಿ ತಪ್ತಾ ಐತೆ."

ಆತ ನಕ್ಕ. "ತಪ್ಪಿಲ್ಲ. ನಿಂದು ನೀನು. ನಂದು ನಾನು. ಮತ್ತೆ ಹಾಡು."

ಎರಡನೆಯ ಸಲ ನಾನು ನಮ್ಮ ದನಿಯನ್ನು ಗಟ್ಟಿಯಾಗಿ ಹಿಡಿದೆ. ಆತನ ದನಿ ಅದರ ಕೆಳಗೆ ತನ್ನ ದಾರಿ ಹಿಡಿದು ಬಂತು. ಸಾಲಿನ ಕೊನೆಯಲ್ಲಿ ಎರಡೂ ಒಂದೊಂದು ಕಡೆ ನಿಂತವು. ಆಗ ಎರಡರ ನಡುವೆಯೋ ಮೇಲೆಯೋ, ಯಾರೂ ಹಾಡದ ಮೂರನೆಯ ಒಂದು ದನಿ ಕೇಳಿಸಿತು. ನಾನು ಸುತ್ತ ನೋಡಿದೆ. ಎಲ್ಲರೂ ಸುತ್ತ ನೋಡುತ್ತಿದ್ದರು. ಅನ್ನಮ್ಮಕ್ಕ ಕಲ್ಲು ನಿಲ್ಲಿಸಿದಳು. ಹಾಡಿನ ನಡುವೆ ಅವಳು ಕಲ್ಲು ನಿಲ್ಲಿಸಿದ್ದು ಅದೇ ಮೊದಲು.

"ಇದ್ಯಾರದು?" ಎಂದಳು.

ಹೊರಗೆ ಬೇವಿನಡಿಯಿಂದ ಬೀರೇಗೌಡರು ಬಾಗಿಲಿಗೇ ಬಂದುಬಿಟ್ಟಿದ್ದರು. "ಇಬ್ರು ಜಗಳ ಆಡ್ದಂಗೈತೆ," ಎಂದರು. ಸ್ವಲ್ಪ ಯೋಚಿಸಿ, "ಜಗಳ ಅಲ್ಲ. ಇನ್ನೊಂದ್ ಕಿತ ಹಾಡಿ, ಕೇಳವ" ಎಂದರು.

ಎತಿಯೆನ್ ನಮ್ಮ ಬಾಯಲ್ಲಿ ಎತ್ತಣ್ಣನಾಗಲು ಒಂದು ತಿಂಗಳು ಸಾಕಾಯಿತು. ಅವನ ಊರಿನ ಇಗರ್ಜಿಯಲ್ಲಿ ಚಿಕ್ಕಂದಿನಲ್ಲಿ ಹಾಡುತ್ತಿದ್ದನಂತೆ. ಲತೀನು ಅವನಿಗೂ ಅಷ್ಟಕ್ಕಷ್ಟೆ, ಆದರೆ 'ಮೀಸೆ ಎರೆ' ಎಂದಾಗ ಮಾತ್ರ ತನ್ನ ಮೀಸೆ ಹಿಡಿದುಕೊಂಡು ಉರುಳಾಡಿ ನಕ್ಕ. ಸರಿಯಾದ ಪದ ಹೇಳಿಕೊಟ್ಟ. ನಾವು ಎರಡು ವಾರ ಹಾಗೆ ಹಾಡಿ ಮತ್ತೆ ಮೀಸೆಗೇ ಬಂದೆವು. ಆಮೇಲೆ ಅವನೂ ಸುಮ್ಮನಾದ.

ಅವನು ತಂದ ದೊಡ್ಡ ಬದಲಾವಣೆ ಕೈಯ ಲೆಕ್ಕ. ಎಡಗೈಯನ್ನು ಅಂಗೈ ಕಾಣುವಂತೆ ಎತ್ತಿ ಹಿಡಿಯುವುದು. ಒಂದೊಂದು ಬೆರಳಿನ ಒಂದೊಂದು ಗೆಣ್ಣಿಗೆ ಒಂದೊಂದು ಸ್ವರ. ಯಾವ ಗೆಣ್ಣು ಮುಟ್ಟಿದರೆ ಆ ಸ್ವರ ಹಾಡಬೇಕು. ಅದುವರೆಗೆ ಹಾಡು ನಮಗೆ ಹೊಳೆಯಂತೆ ಇತ್ತು, ಬಿದ್ದು ತೇಲುತ್ತಿದ್ದೆವು. ಈಗ ಮೊದಲ ಬಾರಿಗೆ ಎಲ್ಲಿ ಎಷ್ಟು ಆಳ ಎಂದು ಕಂಡಿತು. ಮೊದಮೊದಲು ನನಗೆ ಹೊಟ್ಟೆಕಿಚ್ಚು. ಇಷ್ಟು ವರ್ಷ ನಡೆಸಿದವನು ನಾನು, ಜನ ಅವನ ಬೆರಳು ನೋಡುತ್ತಾರೆ. ಒಂದು ವಾರ ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲಿ ಮಲಗಿದೆ. ಎತ್ತಣ್ಣ ಇದ್ದಿಲಿನ ಚೀಲ ಹೊತ್ತುಕೊಂಡೇ ನೋಡಲು ಬಂದ. ನನ್ನ ಹಣೆ ಮುಟ್ಟಿ ನೋಡಿ, ನನ್ನ ಎಡಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಲಿಸತೊಡಗಿದ. ಗುಂಪಿಗೆ ಕಲಿಸಿರದ ಕಷ್ಟದ ಸ್ವರಗಳನ್ನೆಲ್ಲ ನನಗೆ ಆ ಮಧ್ಯಾಹ್ನ ಹೇಳಿದ. ಸಂಜೆಗೆ ಜ್ವರ ಬಿಟ್ಟಿತು.

ಐದಾರು ವರ್ಷ ಹೀಗೆ ನಡೆಯಿತು. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ಹಾಡನ್ನು ನಾನು ಮತ್ತೆ ಕೇಳಿಲ್ಲ. ಕೇಳಿದವರು ಹದಿನೈದು ಜನ, ಬೀರೇಗೌಡರು ಮತ್ತು ಅವರ ಎತ್ತುಗಳು.

ಸಾವಿರದ ಏಳುನೂರ ತೊಂಬತ್ತೊಂಬತ್ತರಲ್ಲಿ ಶತ್ರುಗಳ ದಂಡು ಪಟ್ಟಣದ ಮೇಲೆ ಮತ್ತೆ ಬಂತು. ಎತ್ತಣ್ಣನ ಪಡೆಯನ್ನು ಕೋಟೆಯೊಳಕ್ಕೆ ಕರೆಸಿಕೊಂಡರು. ಹೋಗುವ ದಿನ ಹೊಸ್ತಿಲಲ್ಲಿ ನಿಂತು ಅನ್ನಮ್ಮಕ್ಕನ ಕೈಯಿಂದ ಮಜ್ಜಿಗೆ ಕುಡಿದು ಹೋದ. ಹೊಳೆಯ ಈ ದಡದಲ್ಲೂ ಫಿರಂಗಿ ನಿಂತ ಮೇಲೆ ಊರಿನಲ್ಲಿ ಇರುವಂತಿರಲಿಲ್ಲ. ಗೌಡರ ಗಾಡಿಗಳಲ್ಲಿ ಮುದುಕರನ್ನೂ ಕಾಳನ್ನೂ ಹೇರಿಕೊಂಡು ಇಡೀ ಊರೇ ಎದ್ದಿತು. ಕೆಲವರು ನಾಗಮಂಗಲದ ಕಡೆ ಹೋದರು, ನಾವು ಚಿನಕುರಳಿಯಲ್ಲಿ ಉಳಿದೆವು. ಫಿರಂಗಿಯ ಸದ್ದು ಅಲ್ಲಿಗೂ ಕೇಳುತ್ತಿತ್ತು. ಹಾಡಲು ಕೂತರೆ ಸದ್ದಿಗೆ ಶ್ರುತಿ ನಿಲ್ಲುತ್ತಿರಲಿಲ್ಲ, ಕಲ್ಲೂ ಇರಲಿಲ್ಲ. ಬಿಟ್ಟುಬಿಟ್ಟೆವು. ಒಂದು ದಿನ ಸದ್ದು ನಿಂತಿತು. ಪಟ್ಟಣ ಬಿತ್ತು ಎಂದರು.

ಊರಿಗೆ ಹಿಂದಿರುಗಿದಾಗ ಮನೆಗಳ ಮಾಡು ಹೋಗಿತ್ತು, ಗೋಡೆಗಳಿದ್ದವು. ಬೀಸುವ ಕಲ್ಲನ್ನು ಯಾರೂ ಹೊತ್ತೊಯ್ದಿರಲಿಲ್ಲ. ಎತ್ತಣ್ಣನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಅನ್ನಮ್ಮಕ್ಕ ದಾರಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದಳು. ಕೊನೆಗೆ ಒಬ್ಬ ಗಾಡಿಯವನು, ಸೆರೆಸಿಕ್ಕ ಫರಾಸಿಗಳನ್ನು ನಾಳೆ ಬೆಂಗಳೂರು ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಾರಂತೆ ಎಂದ.

ಮರುದಿನ ಬೆಳಿಗ್ಗೆ ಗುಂಪೆಲ್ಲ ದಾರಿಯ ಪಕ್ಕದ ಬದುವಿನ ಮೇಲೆ ನಿಂತೆವು. ಬೀರೇಗೌಡರೂ ಬಂದಿದ್ದರು. ಸೆರೆಯಾಳುಗಳು ನಾಲ್ಕು ನಾಲ್ಕು ಜನವಾಗಿ ಬಂದರು, ಎರಡೂ ಪಕ್ಕ ಬಂದೂಕಿನ ಸಿಪಾಯಿಗಳು. ಎಲ್ಲರ ಮುಖವೂ ಧೂಳು ಮೆತ್ತಿ ಒಂದೇ ಥರ. ನನಗೆ ಯಾರೂ ಗುರುತಾಗಲಿಲ್ಲ. ಅನ್ನಮ್ಮಕ್ಕ, "ಅಗೋ, ಅಲ್ಲವ್ನೆ," ಎಂದಳು. ಮೀಸೆ ಬೋಳಿಸಿದ್ದರು, ಅಥವಾ ಅವನೇ ತೆಗೆದಿದ್ದ. ತಲೆಗೆ ಬಟ್ಟೆ ಸುತ್ತಿತ್ತು. ನೆಲ ನೋಡಿಕೊಂಡು ನಡೆಯುತ್ತಿದ್ದ.

ಹತ್ತಿರ ಹೋಗಲು ಬಿಡಲಿಲ್ಲ. "ಹಾಡ್ಲಾ ರಾಯಪ್ಪ," ಎಂದು ಗೌಡರು ನನ್ನ ಬೆನ್ನಿಗೆ ಗುದ್ದಿದರು. ನಾನು ಎತ್ತಿದೆ. ಹದಿನೈದು ವರ್ಷದಲ್ಲಿ ನಾವು ದಾರಿಯಲ್ಲಿ ಪರರೆದುರು ನಿಂತು, ಬಾಯಿ ತುಂಬ ಹಾಡಿದ್ದು ಅದೇ ಮೊದಲು. ಸಿಪಾಯಿಗಳು ತಿರುಗಿ ನೋಡಿದರು, ಬಂದೂಕು ಎತ್ತಲಿಲ್ಲ.

ಎತ್ತಣ್ಣ ತಲೆಯೆತ್ತಿದ. ನಮ್ಮನ್ನು ನೋಡಿದ. ಅವನು ತನ್ನ ದನಿ ಸೇರಿಸುತ್ತಾನೆಂದು ನಾವು ಜಾಗ ಬಿಟ್ಟು ಹಾಡುತ್ತಿದ್ದೆವು. ಅವನು ಹಾಡಲಿಲ್ಲ, ಬಾಯಿ ತೆರೆಯಬಹುದೋ ಇಲ್ಲವೋ ಎಂಬ ಅಂಜಿಕೆ ಇದ್ದಿರಬೇಕು. ನಡೆಯುತ್ತಲೇ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ನಮ್ಮತ್ತ ತಿರುಗಿಸಿ, ನಡುಬೆರಳಿನ ಮೇಲಿನ ಗೆಣ್ಣನ್ನು ಮುಟ್ಟಿದ. ಮತ್ತೆ ಮುಟ್ಟಿದ. ನನಗೆ ಅರ್ಥವಾಗಲು ಒಂದು ಸಾಲು ಹಿಡಿಯಿತು. ನಾವು ಎರಡು ತಿಂಗಳು ಹಾಡಿರಲಿಲ್ಲ. ಏರಿನ ತುದಿಯಲ್ಲಿ ಸ್ವರ ತಗ್ಗುತ್ತಿತ್ತು. ಅವನು ನಮ್ಮನ್ನು ತಿದ್ದುತ್ತಿದ್ದ.

ಮುಂದಿನ ಸಾಲಿಗೆ ಸರಿಯಾಗಿ ಮುಟ್ಟಿದೆವು. ಅವನು ಹೌದೆಂದು ತಲೆಯಾಡಿಸಿ ಕೈ ಇಳಿಸಿದ. ಆಮೇಲೆ ತಿರುಗಿ ನೋಡಲಿಲ್ಲ. ಬೆನ್ನು ಮರೆಯಾಗುವವರೆಗೂ ಹಾಡಿದೆವು. ಉಸಿರು ಒಮ್ಮೆಯೂ ಕಡಿಯಲಿಲ್ಲ. ಅವನ ಸುದ್ದಿ ಮತ್ತೆ ಬರಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಹೊಸ ಪಾದ್ರಿಗಳು ಬಂದರು. ವಯಸ್ಸಿನವರಲ್ಲ. ಗುಡಿಯ ಬೀಗ ತೆಗೆದು, ಬಾವಲಿ ಓಡಿಸಿ, ಪೂಜೆಗೆ ನಿಂತರು. ನಾವು ಹಾಡಿದೆವು. ಅವರು ಅರ್ಧಕ್ಕೇ ನಮ್ಮತ್ತ ತಿರುಗಿದರು. ಪೂಜೆ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿದರು.

"ಇದು ಯಾವ ಭಾಷೆ?" ಎಂದು ಕೇಳಿದರು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

"ಲತೀನು ಸ್ವಾಮಿ."

ಅವರು ಕಣ್ಣು ಮುಚ್ಚಿ ಸಾಲುಗಳನ್ನು ನೆನಪು ಮಾಡಿಕೊಂಡರು. ಮೀಸೆಯ ಜಾಗ ಬಂದಾಗ ತುಟಿ ಕಚ್ಚಿ ನಗು ತಡೆದರು. ಆಮೇಲೆ ಗಂಭೀರವಾದರು. ಪದಗಳೆಲ್ಲ ತಪ್ಪಾಗಿವೆ, ಸಾಲಿನ ಕೊನೆಯಲ್ಲಿ ರಾಗ ತಿರುಗುವ ಕೊಂಕು ಯಾವ ಪುಸ್ತಕದಲ್ಲೂ ಇಲ್ಲ, ಹೆಂಗಸರು ಗಂಡಸರ ಜೊತೆ ಹಾಡುವ ಪದ್ಧತಿಯಿಲ್ಲ, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆ ಕೊಂಕು ಅನ್ನಮ್ಮಕ್ಕ ರಾಗಿ ಬೀಸುವಾಗ ಹಾಡುತ್ತಿದ್ದ ಪದದಿಂದ ನುಸುಳಿದ್ದು ಎಂದು ನನಗೇ ಗೊತ್ತಿತ್ತು. ನಾನು ತಲೆ ತಗ್ಗಿಸಿ ನಿಂತೆ. ಹಗೇವಿನಿಂದ ಉಂಡೆ ತೆಗೆದ ದಿನದ ನಾಚಿಕೆ ಹಾಗೇ ಮತ್ತೆ ಬಂತು.

ಅನ್ನಮ್ಮಕ್ಕ ಮುಂದೆ ಬಂದಳು.

"ತಪ್ಪಿರ್‍ಬೋದು ಸ್ವಾಮಿ. ಆದ್ರೆ ಹದಿನೈದು ವರ್ಸ ದೇವ್ರು ಇದ್ನೇ ಕೇಳ್ಕಂಡಿದ್ದ. ಅವನ್ಗೆ ಬೇರೆ ಯಾರೂ ಹಾಡ್ತಿರ್‍ಲಿಲ್ಲ."

ಪಾದ್ರಿಗಳು ಗುಡಿಯ ಮೆಟ್ಟಿಲ ಮೇಲೆ ಕೂತರು. ಮತ್ತೊಮ್ಮೆ ಹಾಡಿ ಎಂದರು. ಹಾಡಿದೆವು. ಇನ್ನೊಮ್ಮೆ ಎಂದರು. ಮೂರನೆಯ ಸಲ ಮುಗಿದಾಗ ಅವರ ಕಣ್ಣು ಒದ್ದೆಯಾಗಿತ್ತೋ ಇಲ್ಲವೋ ನಾನು ನೋಡಲಿಲ್ಲ, ನೋಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಅವರು ಅಂದದ್ದು ಇಷ್ಟೇ: "ಪದ ತಿದ್ದೋಣ. ಪದಕ್ಕೆ ಅರ್ಥವಿದೆ, ಅದು ನಿಮಗೂ ತಿಳಿಯಬೇಕು. ರಾಗ ಹೀಗೇ ಇರಲಿ. ಅಮ್ಮ, ನೀವು ನಿಂತಲ್ಲೇ ನಿಲ್ಲಿ."

ಆ ವರ್ಷ ಅವರು ಒಂದೊಂದು ಸಾಲಿನ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ನಾವು ಇಷ್ಟು ವರ್ಷ ಏನು ಬೇಡುತ್ತಿದ್ದೆವು ಎಂದು ಆಗ ಗೊತ್ತಾಯಿತು. ಹೆಚ್ಚಿನದೆಲ್ಲ ನಮಗೆ ಬೇಕಾಗಿದ್ದದ್ದೇ. ಮೀಸೆ ಹೋಯಿತು, ಒಂದಿಬ್ಬರು ಮುದುಕರ ಬಾಯಲ್ಲಿ ಮಾತ್ರ ಕೊನೆಯವರೆಗೂ ಉಳಿಯಿತು. ಪಾದ್ರಿಗಳು ಕೇಳಿಸದವರಂತೆ ಇದ್ದರು.

ಅನ್ನಮ್ಮಕ್ಕ ಹೋಗಿ ಆರು ವರ್ಷವಾಯಿತು. ಬೀರೇಗೌಡರು ಅದಕ್ಕೂ ಮೊದಲೇ ಹೋದರು. ನನ್ನ ದನಿಯಲ್ಲಿ ನಡುಕ ಬಂದ ಮೇಲೆ ನಾನಾಗಿಯೇ ಮುಂದಿನ ಜಾಗ ಬಿಟ್ಟು ಹಿಂದಿನ ಗೋಡೆಯ ಬಳಿ ಕೂತೆ. ಅಲ್ಲಿ ಕೂತ ಮೇಲೆ ಹಾಡು ಇನ್ನೂ ಚೆನ್ನಾಗಿ ಕೇಳುತ್ತದೆ.

ಹೋದ ಭಾನುವಾರ ಒಂದು ಸಂಗತಿ ನಡೆಯಿತು. ಅತ್ತಿಕುಪ್ಪೆಯ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳು ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಎರಡನೆಯ ಹಾಡಿನಲ್ಲಿ ಎಲ್ಲರೂ ನೇರವಾಗಿ ಇಳಿಯುವ ಕಡೆ ಅವಳು ಇಳಿಯದೆ, ಮೇಲೆಯೇ ಒಂದು ಸುತ್ತು ಸುತ್ತಿ ಆಮೇಲೆ ಬಂದು ಸೇರಿಕೊಂಡಳು. ಅವಳ ಊರಿನ ಯಾವ ಬೀಸುವ ಪದದಲ್ಲಿ ಆ ಸುತ್ತು ಇದೆಯೋ ಗೊತ್ತಿಲ್ಲ. ಈಗ ಹಾಡು ನಡೆಸುವವನ ಕತ್ತು ಗಟ್ಟಿಯಾದದ್ದು ನನಗೆ ಹಿಂದಿನಿಂದ ಕಂಡಿತು. ಪೂಜೆ ಮುಗಿದದ್ದೇ ನೇರವಾಗಿ ನನ್ನ ಬಳಿ ಬಂದ.

"ಕೇಳುಸ್ತಾ ತಾತ? ಆ ಹೊಸ ಹುಡ್ಗಿ ತಪ್ತಾವ್ಳೆ. ಹೇಳ್ಬುಡ್ಲಾ?"

"ಕೇಳುಸ್ತು ಕಣ್ಲಾ," ಎಂದೆ. "ಇನ್ನೊಂದ್ ಭಾನುವಾರ ಕೇಳವ, ತಾಳು."